ಎಲೆಕ್ಟ್ರಾನಿನ ತರಂಗದೂರ ಯಾವುದರ ಉದ್ದ?

54 ವೋಲ್ಟ್‌ನಲ್ಲಿ ವೇಗ ಪಡೆದ ಎಲೆಕ್ಟ್ರಾನಿನ ತರಂಗದೂರ ಎಷ್ಟು ಎಂದು ಮಂಗಳೂರಿನ ಯಾವ ಪಿಯು ಕಾಲೇಜಿನಲ್ಲಿ ಕೇಳಿದರೂ ನಿಮಿಷದೊಳಗೆ ಉತ್ತರ ಸಿಗುತ್ತದೆ. 1.226ನ್ನು 54ರ ವರ್ಗಮೂಲದಿಂದ ಭಾಗಿಸಿ, 0.167 ನ್ಯಾನೊಮೀಟರ್. ಉತ್ತರ ಸರಿ, ಅಂಕವೂ ಪೂರ್ತಿ. ಆದರೆ ಈ 0.167 ನ್ಯಾನೊಮೀಟರ್ ಯಾವುದರ ಉದ್ದ ಎಂದು ಮುಂದಿನ ಪ್ರಶ್ನೆ ಹಾಕಿದರೆ ತರಗತಿ ಸುಮ್ಮನಾಗುತ್ತದೆ. ಕೆಲವರು ಎಲೆಕ್ಟ್ರಾನಿನ ಗಾತ್ರ ಅನ್ನುತ್ತಾರೆ. ಕೆಲವರು ಎಲೆಕ್ಟ್ರಾನ್ ಹಾವಿನಂತೆ ಬಳುಕುತ್ತಾ ಹೋಗುವುದರಿಂದ ಒಂದು ಬಳುಕಿನ ಉದ್ದ ಅನ್ನುತ್ತಾರೆ. ಗೈಡುಗಳಲ್ಲಿ ಬರುವ ಚಿತ್ರಗಳೂ ಹಾಗೆಯೇ ಇರುತ್ತವೆ: ಒಂದು ಚುಕ್ಕೆ, ಅದರ ಹಿಂದೆ ಅಂಕುಡೊಂಕಾದ ಗೆರೆ. ಎರಡೂ ತಪ್ಪು. ಈ ತಪ್ಪನ್ನು ಬಿಡಿಸದೆ ಮುಂದೆ ಹೋದರೆ ಕ್ವಾಂಟಂ ಭೌತಶಾಸ್ತ್ರದ ಉಳಿದ ಭಾಗವೂ ಬರೀ ಸೂತ್ರಗಳ ಬಾಯಿಪಾಠವಾಗಿಬಿಡುತ್ತದೆ.

ಗಾತ್ರದ ಮಾತನ್ನು ಮೊದಲು ತೆಗೆದುಹಾಕೋಣ. 1999ರಲ್ಲಿ ವಿಯೆನ್ನಾದಲ್ಲಿ ಮಾರ್ಕುಸ್ ಆರ್ನ್ಟ್, ಆಂಟನ್ ಸೈಲಿಂಗರ್ ಮತ್ತವರ ತಂಡ 60 ಇಂಗಾಲದ ಪರಮಾಣುಗಳಿರುವ ಫುಲರೀನ್ ಅಣುಗಳನ್ನು ಒಲೆಯಲ್ಲಿ ಕಾಯಿಸಿ, ನಿರ್ವಾತದಲ್ಲಿ ಹಾರಿಸಿ, 100 ನ್ಯಾನೊಮೀಟರ್ ಅಂತರದಲ್ಲಿ ಸೀಳುಗಳು ಸಾಲಾಗಿರುವ ಗ್ರೇಟಿಂಗ್ ಮೂಲಕ ದಾಟಿಸಿದರು. ಅಣುವಿನ ರಾಶಿ 720 ಪರಮಾಣು ಏಕಮಾನ, ವೇಗ ಸೆಕೆಂಡಿಗೆ ಸುಮಾರು 220 ಮೀಟರ್. ಕ್ವಾಂಟಂ ಭೌತಶಾಸ್ತ್ರದ ಮೂಲ ಸಂಖ್ಯೆಯಾದ ಪ್ಲಾಂಕ್ ಸ್ಥಿರಾಂಕವನ್ನು ಸಂವೇಗದಿಂದ, ಅಂದರೆ ರಾಶಿ ಮತ್ತು ವೇಗದ ಗುಣಲಬ್ಧದಿಂದ, ಭಾಗಿಸಿದರೆ ತರಂಗದೂರ 2.5 ಪಿಕೊಮೀಟರ್. ಅಣುವಿನ ವ್ಯಾಸವೋ ಸುಮಾರು 0.7 ನ್ಯಾನೊಮೀಟರ್, ಅಂದರೆ 700 ಪಿಕೊಮೀಟರ್. ತರಂಗದೂರಕ್ಕಿಂತ ಅಣುವೇ ಇನ್ನೂರೆಂಬತ್ತು ಪಟ್ಟು ದೊಡ್ಡದು! ಆದರೂ ಸೂತ್ರ ಹೇಳಿದ ಜಾಗದಲ್ಲೇ, ಗ್ರೇಟಿಂಗಿನಿಂದ ಸುಮಾರು 1.25 ಮೀಟರ್ ದೂರದಲ್ಲಿ, ನಡುಗೆರೆಯಿಂದ 30 ಮೈಕ್ರೊಮೀಟರ್ ಆಚೀಚೆ ವಿವರ್ತನೆಯ (ಸೀಳು ದಾಟಿದ ಅಲೆ ಹರಡುವುದರ) ಪಕ್ಕದ ಶಿಖರಗಳು, ಅಂದರೆ ಅಣುಗಳು ಹೆಚ್ಚಾಗಿ ಬಂದು ಬೀಳುವ ಜಾಗಗಳು, ಕಾಣಿಸಿಕೊಂಡವು. ತರಂಗದೂರ ಗಾತ್ರವೇ ಆಗಿದ್ದರೆ ಇದು ಸಾಧ್ಯವಿರಲಿಲ್ಲ.

ಇನ್ನೊಂದು ಸೂಕ್ಷ್ಮವೂ ಇಲ್ಲಿದೆ. ಲೆಕ್ಕದಲ್ಲಿ ಹಾಕಬೇಕಾದ್ದು ಇಡೀ ಅಣುವಿನ ಸಂವೇಗ, ಬಿಡಿ ಪರಮಾಣುವಿನದ್ದಲ್ಲ. ಒಂದೊಂದು ಪರಮಾಣುವಿಗೂ ಬೇರೆ ಬೇರೆ ತರಂಗ ಅಂಟಿಕೊಂಡಿದೆ ಎಂದುಕೊಂಡರೆ 60 ಪಟ್ಟು ಉದ್ದದ ತರಂಗದೂರ ಬರುತ್ತದೆ, ಪ್ರಯೋಗಕ್ಕೆ ಅದು ಹೊಂದುವುದೇ ಇಲ್ಲ. ಪರಮಾಣುಗಳು ಒಟ್ಟಾಗಿ ಸರಿದಾಗ ಅವುಗಳ ಫೇಸ್‌ಗಳು ಕೂಡುತ್ತವೆ. ಹಾಗಾಗಿ ಇಡೀ ಅಣುವಿನ ಫೇಸ್ ಅರವತ್ತು ಪಟ್ಟು ಬೇಗ ಸುತ್ತುತ್ತದೆ. ಇಲ್ಲಿ ಫೇಸ್ ಎಂದರೆ ಅಲೆ ತನ್ನ ಒಂದು ಸುತ್ತಿನಲ್ಲಿ ಎಲ್ಲಿಗೆ ತಲುಪಿದೆ ಎಂಬ ಲೆಕ್ಕ. ಒಂದು ಸುತ್ತು ಮುಗಿಯಲು ಬೇಕಾದ ದೂರವೇ ತರಂಗದೂರ. ಮೊದಲ ಹಂತದ ಅರ್ಥ ಇಷ್ಟೇ. ಬಳುಕುವ ವಸ್ತು ಯಾವುದೂ ಅಲ್ಲಿಲ್ಲ.

ಈಗ ಕಷ್ಟದ ಪ್ರಶ್ನೆಗೆ ಬರೋಣ: ಈ ಉದ್ದ ನೋಡುವವರೆಲ್ಲರಿಗೂ ಒಂದೇ ಆಗಿರುತ್ತದೆಯೇ? ಅದನ್ನು ತಿಳಿಯಲು ಕರಾವಳಿಯವರಿಗೆ ಮಲ್ಪೆಯ ಬೋಟು ಸಾಕು. ಆಳ ಸಮುದ್ರದಲ್ಲಿ ಶಿಖರದಿಂದ ಶಿಖರಕ್ಕೆ 100 ಮೀಟರ್ ಇರುವ ಉಬ್ಬಲೆ ಸೆಕೆಂಡಿಗೆ 12.5 ಮೀಟರ್ ವೇಗದಲ್ಲಿ ಓಡುತ್ತದೆ. ನಿಂತ ದೋಣಿಯನ್ನು ಅದು 8 ಸೆಕೆಂಡಿಗೊಮ್ಮೆ ಎತ್ತುತ್ತದೆ. ಬೋಟು ಸೆಕೆಂಡಿಗೆ 4 ಮೀಟರ್ ವೇಗದಲ್ಲಿ ಅಲೆಗೆ ಎದುರಾಗಿ ಹೋದರೆ 6 ಸೆಕೆಂಡಿಗೊಮ್ಮೆ ಏಳುತ್ತದೆ. ಅಲೆಯ ಜೊತೆಗೇ ಹೋದರೆ ಸುಮಾರು 12 ಸೆಕೆಂಡಿಗೊಮ್ಮೆ. ಆವೃತ್ತಿ ಬದಲಾಯಿತು, ಆದರೆ ಎರಡು ಶಿಖರಗಳ ನಡುವಿನ 100 ಮೀಟರ್ ಬದಲಾಗಲಿಲ್ಲ. ದಡದಲ್ಲಿ ನಿಂತವರಿಗೂ ಬೋಟಿನಲ್ಲಿ ಇರುವವರಿಗೂ ಉದ್ದ ಒಂದೇ. ನೀರಿನ ಅಲೆ, ಶಬ್ದದ ಅಲೆ, ಹಗ್ಗದ ಅಲೆ ಎಲ್ಲಕ್ಕೂ ನಿಧಾನ ವೇಗಗಳಲ್ಲಿ ಇದೇ ನಿಯಮ.

ಎಲೆಕ್ಟ್ರಾನಿನ ಅಲೆ ಈ ನಿಯಮ ಪಾಲಿಸುವುದಿಲ್ಲ. 54 ವೋಲ್ಟ್‌ನ ಎಲೆಕ್ಟ್ರಾನ್ ಸೆಕೆಂಡಿಗೆ 43.6 ಲಕ್ಷ ಮೀಟರ್ ಓಡುತ್ತದೆ. ಅದರ ಅರ್ಧ ವೇಗದಲ್ಲಿ ಪಕ್ಕದಲ್ಲೇ ಸಾಗುವ ವೀಕ್ಷಕನಿಗೆ ಸಂವೇಗ ಅರ್ಧ, ತರಂಗದೂರ 0.334 ನ್ಯಾನೊಮೀಟರ್. ಸರಿಸಮ ವೇಗದಲ್ಲಿ ಹೋಗುವವನಿಗೆ ಸಂವೇಗ ಸೊನ್ನೆ, ತರಂಗದೂರ ಅನಂತ. ಉದ್ದವೊಂದು ನೋಡುವವರ ವೇಗಕ್ಕೆ ತಕ್ಕಂತೆ, ಅದೂ ಬೆಳಕಿನ ವೇಗದ ನೂರರಲ್ಲೊಂದು ಭಾಗದಷ್ಟು ನಿಧಾನದಲ್ಲೇ, ಇಷ್ಟು ಬದಲಾಗುವುದಾದರೆ ಅದು ನಿಜವಾದ ಅಲೆಯ ಉದ್ದ ಹೇಗಾದೀತು? ಆಲ್ಫ್ರೆಡ್ ಲಾಂಡೆ ಎಂಬ ಭೌತವಿಜ್ಞಾನಿ ಇದನ್ನೇ ದೊಡ್ಡ ಆಕ್ಷೇಪವಾಗಿ ಎತ್ತಿದ್ದರು. ಆಕ್ಷೇಪದಲ್ಲಿ ಹುರುಳಿದೆ. ತರಗತಿಯಲ್ಲಿ ಇದರ ಪ್ರಸ್ತಾಪವೇ ಬಾರದಿರುವುದು ದೊಡ್ಡ ಕೊರತೆ.

ಉತ್ತರ, ಕಣಕ್ಕೂ ಅಲೆಯಿದೆ ಎಂದು ಮೊದಲು ಹೇಳಿದ ಲೂಯಿ ಡಿ ಬ್ರಾಗ್ಲಿಯ ಮೂಲ ಯೋಚನೆಯಲ್ಲೇ ಇದೆ. 1923ರ ಕಿರುಲೇಖನಗಳಲ್ಲಿ ಮತ್ತು 1924ರ ಡಾಕ್ಟರೇಟ್ ಪ್ರಬಂಧದಲ್ಲಿ ಅವರು ಹೊರಟದ್ದು ಸಾಪೇಕ್ಷತಾ ಸಿದ್ಧಾಂತದಿಂದ. 'ಬೆಳಕು ಕಣವಾದರೆ ಕಣವೂ ಅಲೆಯಾಗಲಿ' ಎಂಬ ಸಮತೋಲನದ ಆಸೆಯಷ್ಟೇ ಅವರ ಬಂಡವಾಳ ಎಂದು ಪಾಠಗಳಲ್ಲಿ ಹೇಳುವುದುಂಟು. ಅದು ಅರ್ಧ ಕಥೆ. ನಿಶ್ಚಲವಾಗಿರುವ ಎಲೆಕ್ಟ್ರಾನಿಗೂ ರಾಶಿಶಕ್ತಿ ಇದೆ. ಆ ಶಕ್ತಿಯನ್ನು ಪ್ಲಾಂಕ್ ಸ್ಥಿರಾಂಕದಿಂದ ಭಾಗಿಸಿದರೆ ಸೆಕೆಂಡಿಗೆ 1.236 × 10²⁰ ಸುತ್ತಿನ ಒಂದು ಆವೃತ್ತಿ ಸಿಗುತ್ತದೆ. ಎಲೆಕ್ಟ್ರಾನಿನ ಜೊತೆಯಲ್ಲೇ ಇರುವವನಿಗೆ ಈ ಫೇಸ್ ಎಲ್ಲ ಜಾಗದಲ್ಲೂ ಒಟ್ಟಿಗೇ ಸುತ್ತುತ್ತಿರುತ್ತದೆ, ಆದ್ದರಿಂದ ತರಂಗದೂರ ಅನಂತ. ಆದರೆ ಐನ್‌ಸ್ಟೈನ್ ತೋರಿಸಿದಂತೆ 'ಒಟ್ಟಿಗೇ' ಎಂಬುದು ಚಲಿಸುವ ಇಬ್ಬರಿಗೆ ಒಂದೇ ಅಲ್ಲ. ಓಡುವ ಎಲೆಕ್ಟ್ರಾನನ್ನು ನೋಡುತ್ತಿರುವ ನಮಗೆ ಮುಂದಿನ ಜಾಗದ ಫೇಸ್ ಸ್ವಲ್ಪ ಹಿಂದೆ, ಹಿಂದಿನ ಜಾಗದ್ದು ಸ್ವಲ್ಪ ಮುಂದೆ ಕಾಣುತ್ತದೆ. ವ್ಯತ್ಯಾಸ ಎಷ್ಟೆಂದರೆ, ವೇಗವನ್ನು ದೂರದಿಂದ ಗುಣಿಸಿ ಬೆಳಕಿನ ವೇಗದ ವರ್ಗದಿಂದ ಭಾಗಿಸಿದಷ್ಟು ಕಾಲ.

ಕೈಯಲ್ಲೇ ಲೆಕ್ಕ ಹಾಕಿ ನೋಡಿ. ನಮ್ಮ 54 ವೋಲ್ಟ್‌ನ ಎಲೆಕ್ಟ್ರಾನಿಗೆ 0.167 ನ್ಯಾನೊಮೀಟರ್ ದೂರದಲ್ಲಿ ಈ ಕಾಲವ್ಯತ್ಯಾಸ 8.1 × 10⁻²¹ ಸೆಕೆಂಡ್. ಸೆಕೆಂಡಿಗೆ 1.236 × 10²⁰ ಸುತ್ತು ಹಾಕುವ ಫೇಸ್ ಇಷ್ಟು ಕಾಲದಲ್ಲಿ ಎಷ್ಟು ಸುತ್ತುತ್ತದೆ? ಗುಣಿಸಿದರೆ 1.0. ಸರಿಯಾಗಿ ಒಂದು ಸುತ್ತು. ತರಂಗದೂರ ಎಂದು ನಾವು ಕರೆಯುವುದು ಇದನ್ನೇ. ನಿಶ್ಚಲ ಎಲೆಕ್ಟ್ರಾನಿನ ಕಾಲದ ಸುತ್ತು, ನಮ್ಮ ಚಲನೆಯಿಂದಾಗಿ ಜಾಗದ ಸುತ್ತಾಗಿ ಓರೆಯಾಗಿ ಕಾಣುವುದು. ಸಾಪೇಕ್ಷತೆಯ ಪರಿಣಾಮ ನಿಧಾನ ವೇಗಗಳಲ್ಲಿ ನಗಣ್ಯ ಎಂದು ಕಲಿತವರಿಗೆ ಇದು ಆಶ್ಚರ್ಯವೇ. ಕಾಲದ ವ್ಯತ್ಯಾಸ ನಗಣ್ಯವೇ ಹೌದು, ಆದರೆ ಸುತ್ತುವ ವೇಗ ಅಷ್ಟು ಅಗಾಧವಾಗಿರುವುದರಿಂದ ಪರಿಣಾಮ ಕಣ್ಣಿಗೆ ಬೀಳುತ್ತದೆ. ನೀರಿನ ಅಲೆಯ ಉದ್ದ ಬೋಟಿನಿಂದ ಬದಲಾಗದೆ, ಎಲೆಕ್ಟ್ರಾನಿನದ್ದು ಬದಲಾಗುವುದು ಇದೇ ಕಾರಣಕ್ಕೆ.

ಹಾಗಾದರೆ ಎಲ್ಲರೂ ಒಪ್ಪುವಂಥದ್ದು ಏನಾದರೂ ಉಂಟೇ? ಉಂಟು. ಅದನ್ನು ನೋಡಲು ಗ್ರೇಟಿಂಗ್ ಏನು ಮಾಡುತ್ತದೆ ಎಂದು ಸಂವೇಗದ ಭಾಷೆಯಲ್ಲಿ ಕೇಳಬೇಕು. ಒಂದೇ ಅಂತರದಲ್ಲಿ ಸಾಲಾಗಿರುವ ಪರಮಾಣುಗಳು ಎಲೆಕ್ಟ್ರಾನಿಗೆ ಅಡ್ಡಲಾಗಿ ಸಂವೇಗ ಕೊಡುವುದು ಬೇಕಾದಷ್ಟಲ್ಲ, ನಿಗದಿಯಾದ ಮೆಟ್ಟಿಲುಗಳಲ್ಲಿ. ಪ್ಲಾಂಕ್ ಸ್ಥಿರಾಂಕವನ್ನು ಸಾಲಿನ ಅಂತರದಿಂದ ಭಾಗಿಸಿದಷ್ಟು, ಇಲ್ಲವೇ ಅದರ ಎರಡರಷ್ಟು, ಮೂರರಷ್ಟು. ವಿಲಿಯಂ ಡ್ವೇನ್ 1923ರಲ್ಲೇ ಎಕ್ಸ್-ಕಿರಣಗಳಿಗೆ ಹೀಗೊಂದು ನಿಯಮ ಹೇಳಿದ್ದರು. ಈ ಅಡ್ಡ ತಳ್ಳು ಎಷ್ಟೆಂಬುದರಲ್ಲಿ ಎಲೆಕ್ಟ್ರಾನಿನ ಜೊತೆ ಓಡುವವನಿಗೂ ಪ್ರಯೋಗಾಲಯದಲ್ಲಿ ಕುಳಿತವನಿಗೂ ಭಿನ್ನಾಭಿಪ್ರಾಯವಿಲ್ಲ. ಕೋನ ಬರುವುದು ಈ ತಳ್ಳಿಗೂ, ಗ್ರೇಟಿಂಗಿಗೆ ಹೋಲಿಸಿದ ಎಲೆಕ್ಟ್ರಾನಿನ ಸಂವೇಗಕ್ಕೂ ಇರುವ ಅನುಪಾತದಿಂದ. ತರಂಗದೂರ ಒಂಟಿ ಎಲೆಕ್ಟ್ರಾನಿನ ಸೊತ್ತಲ್ಲ, ಎಲೆಕ್ಟ್ರಾನಿಗೂ ಅದನ್ನು ಎದುರುಗೊಳ್ಳುವ ವಸ್ತುವಿಗೂ ನಡುವಿನ ಸಂಬಂಧ. ಪ್ರಶ್ನಪತ್ರಿಕೆಯಲ್ಲಿ 'ಎಲೆಕ್ಟ್ರಾನಿನ ತರಂಗದೂರ' ಎಂದು ಬರೆದಾಗಲೆಲ್ಲ 'ಈ ಗ್ರೇಟಿಂಗಿಗೆ ಹೋಲಿಸಿದಂತೆ' ಎಂಬ ಮಾತು ಮರೆಯಲ್ಲಿ ಇದ್ದೇ ಇರುತ್ತದೆ.

ಡೇವಿಸನ್ ಮತ್ತು ಜರ್ಮರ್ 1927ರಲ್ಲಿ ಬೆಲ್ ಪ್ರಯೋಗಾಲಯದಲ್ಲಿ ಅಳೆದದ್ದೂ ಇದನ್ನೇ. ನಿಕ್ಕಲ್ ಹರಳಿನ ಮೇಲ್ಮೈಯಲ್ಲಿ ಪರಮಾಣು ಸಾಲುಗಳ ಅಂತರ 0.215 ನ್ಯಾನೊಮೀಟರ್, ಎಲೆಕ್ಟ್ರಾನುಗಳು ದಟ್ಟವಾಗಿ ಹೊರಬಿದ್ದ ಕೋನ 50 ಡಿಗ್ರಿ, ಎರಡೂ ಸೇರಿ 0.165 ನ್ಯಾನೊಮೀಟರ್. ಅದಕ್ಕೂ ಎರಡು ವರ್ಷ ಹಿಂದೆ ದ್ರವ ಗಾಳಿಯ ಬಾಟಲಿ ಸಿಡಿದು ಅವರ ನಿರ್ವಾತ ಕೊಳವೆ ಒಡೆದಿತ್ತು. ಬಿಸಿ ನಿಕ್ಕಲ್ ಮೇಲೆ ಕಿಟ್ಟ ಹಿಡಿಯಿತು. ಅದನ್ನು ತೆಗೆಯಲು ಬಹಳ ಹೊತ್ತು ಕಾಯಿಸಿದಾಗ ಸಣ್ಣ ಸಣ್ಣ ಹರಳುಗಳೆಲ್ಲ ಸೇರಿ ದೊಡ್ಡ ಹರಳುಗಳಾದವು. ಕೋನಕ್ಕೆ ತಕ್ಕ ಶಿಖರಗಳು ಕಾಣತೊಡಗಿದ್ದು ಆಮೇಲೆ. ಗ್ರೇಟಿಂಗ್ ಸರಿಯಾದ ಮೇಲಷ್ಟೇ ತರಂಗದೂರಕ್ಕೆ ಅರ್ಥ ಬಂತು.

ಇಂದು ಇದೇ ಭೌತಶಾಸ್ತ್ರವನ್ನು ಡಿಗ್ರಿ ಕಾಲೇಜಿನ ಮೇಜಿನ ಮೇಲೆ ಎಲೆಕ್ಟ್ರಾನ್ ವಿವರ್ತನ ಕೊಳವೆಯಲ್ಲಿ ನೋಡಬಹುದು. ಗಾಜಿನ ಬುರುಡೆಯ ಕತ್ತಿನಲ್ಲಿ ಫಿಲಮೆಂಟ್, ಆನೋಡಿನ ಬಳಿ ತೆಳು ಗ್ರಾಫೈಟ್ ಪದರ, ಎದುರಿಗೆ ಹೊಳೆಯುವ ಪರದೆ. ಪದರದಿಂದ ಪರದೆಗೆ ಸಾಮಾನ್ಯವಾಗಿ 135 ಮಿಲಿಮೀಟರ್. ಗ್ರಾಫೈಟಿನಲ್ಲಿ ಎರಡು ಅಂತರಗಳು ಮುಖ್ಯ, 0.213 ಮತ್ತು 0.123 ನ್ಯಾನೊಮೀಟರ್. ಇವುಗಳಿಂದ ಎರಡು ಉಂಗುರಗಳು ಮೂಡುತ್ತವೆ. 3 ಕಿಲೊವೋಲ್ಟ್‌ನಲ್ಲಿ ವ್ಯಾಸ 28 ಮತ್ತು 49 ಮಿಲಿಮೀಟರ್ ಆಸುಪಾಸು, 5 ಕಿಲೊವೋಲ್ಟ್‌ಗೆ ಏರಿಸಿದರೆ ಕುಗ್ಗಿ 22 ಮತ್ತು 38. ಎರಡರ ಅನುಪಾತ ಯಾವಾಗಲೂ 3ರ ವರ್ಗಮೂಲದ ಹತ್ತಿರ, ಏಕೆಂದರೆ ಅದು ಗ್ರಾಫೈಟಿನ ಷಟ್ಕೋನ ಜೋಡಣೆಯ ಗುಣ. ಅಳತೆಯಲ್ಲಿ ಈ ಅನುಪಾತ 1.73ರಿಂದ ದೂರ ಸರಿದರೆ ದೋಷ ಸ್ಕೇಲ್ ಹಿಡಿದ ಕೈಯಲ್ಲಿದೆ, ವೋಲ್ಟ್ ಮೀಟರಿನಲ್ಲಲ್ಲ. ಮೀಟರ್ ತಪ್ಪಿದ್ದರೆ ಎರಡೂ ಉಂಗುರ ಒಟ್ಟಿಗೆ ತಪ್ಪುತ್ತವೆ, ಅನುಪಾತ ಹಾಗೇ ಉಳಿಯುತ್ತದೆ.

ಫಿಲಮೆಂಟನ್ನು ಮೊದಲು ಒಂದು ನಿಮಿಷ ಕಾಯಲು ಬಿಡಿ, ಆಮೇಲೆ ಹೈ ವೋಲ್ಟೇಜನ್ನು ನಿಧಾನವಾಗಿ ಏರಿಸಿ. ಪ್ರವಾಹ 0.2 ಮಿಲಿಆಂಪಿಯರ್ ದಾಟಬಾರದು. ದಾಟಿದರೆ ಗ್ರಾಫೈಟ್ ಪದರ ಕೆಂಪಗೆ ಹೊಳೆದು ಸುಟ್ಟುಹೋಗುತ್ತದೆ, ಆಮೇಲೆ ಕೊಳವೆ ಅಲಂಕಾರಕ್ಕಷ್ಟೇ. ಉಂಗುರ ಮಸುಕಾಗಿದೆ ಎಂದು ಪ್ರವಾಹ ಹೆಚ್ಚಿಸುವ ಬದಲು ಕೋಣೆಯ ಕಿಟಕಿ ಮುಚ್ಚಿ. ವ್ಯಾಸವನ್ನು ಉಂಗುರದ ಒಳ ಅಂಚು ಮತ್ತು ಹೊರ ಅಂಚು ಎರಡರಲ್ಲೂ ಅಳೆದು ಸರಾಸರಿ ತೆಗೆಯಬೇಕು. ಬರೀ ಹೊರ ಅಂಚು ಹಿಡಿದರೆ ವ್ಯಾಸ ಯಾವಾಗಲೂ ಹೆಚ್ಚೇ ಬರುತ್ತದೆ. ಪರದೆ ಗೋಳಾಕಾರದ್ದಾದ್ದರಿಂದ ಹೊರಗಿನ ಉಂಗುರಕ್ಕೆ ತಿದ್ದುಪಡಿ ಬೇಕು, ಕಡಿಮೆ ವೋಲ್ಟೇಜಿನಲ್ಲಿ ಉಂಗುರ ದೊಡ್ಡದಾದಂತೆ ಈ ದೋಷವೂ ದೊಡ್ಡದು. ವೋಲ್ಟೇಜಿನ ವರ್ಗಮೂಲದ ವಿಲೋಮಕ್ಕೆ ಎದುರಾಗಿ ವ್ಯಾಸದ ಗ್ರಾಫ್ ಹಾಕಿದರೆ ಸರಳರೇಖೆ ಬರಬೇಕು. ಅದರ ಇಳಿಜಾರಿನಿಂದ ಪ್ಲಾಂಕ್ ಸ್ಥಿರಾಂಕ ಸಿಗುತ್ತದೆ. ಮೀಟರ್ 5 ಶೇಕಡಾ ತಪ್ಪಿದ್ದರೆ ಸ್ಥಿರಾಂಕ 2.5 ಶೇಕಡಾ ತಪ್ಪುತ್ತದೆ, ವರ್ಗಮೂಲದ ದಯೆ.

ಮಂಗಳೂರು, ಉಡುಪಿಯ ಲ್ಯಾಬುಗಳಿಗೆ ಒಂದು ವಿಶೇಷ ಎಚ್ಚರಿಕೆ. ಜೂನ್‌ನಿಂದ ಸೆಪ್ಟೆಂಬರ್ ತನಕ ಗಾಳಿಯಲ್ಲಿ ತೇವ, ಅದರ ಜೊತೆ ಸಮುದ್ರದ ಉಪ್ಪು. ಕೊಳವೆಯ ಕತ್ತು, ಹೈ ವೋಲ್ಟೇಜ್ ಸಾಕೆಟ್ಟುಗಳ ಮೇಲೆ ಉಪ್ಪಿನ ಪದರ ಕೂತು ತೇವ ಎಳೆದುಕೊಂಡರೆ 4 ಕಿಲೊವೋಲ್ಟ್‌ನಲ್ಲಿ ಮೇಲ್ಮೈಯ ಮೂಲಕವೇ ವಿದ್ಯುತ್ ಸೋರುತ್ತದೆ. ಚಿಟಿಚಿಟಿ ಸದ್ದು, ಓಲಾಡುವ ಮೀಟರ್, ಅದಕ್ಕೆ ತಕ್ಕಂತೆ ನಡುಗುವ ಉಂಗುರ. ಸಪ್ಲೈ ಕೆಟ್ಟಿದೆ ಎಂದು ರಿಪೇರಿಗೆ ಕಳಿಸುವ ಮೊದಲು ಪ್ಲಗ್ ತೆಗೆದು, ಐಸೊಪ್ರೊಪೈಲ್ ಆಲ್ಕೊಹಾಲಿನಿಂದ ಒರೆಸಿ, ಅದು ಪೂರ್ತಿ ಆರಿದ ಮೇಲೆ ಮತ್ತೆ ನೋಡಿ. ಕೊನೆಗೆ ಕೊಳವೆಯ ಕತ್ತಿನ ಬಳಿ ಒಂದು ಅಯಸ್ಕಾಂತ ಹಿಡಿಯಿರಿ, ಉಂಗುರಗಳೆಲ್ಲ ಒಟ್ಟಿಗೆ ಪಕ್ಕಕ್ಕೆ ಸರಿಯುತ್ತವೆ. ಫಿಲಮೆಂಟಿನ ಬೆಳಕೋ ಎಕ್ಸ್-ಕಿರಣವೋ ಆಗಿದ್ದರೆ ಸರಿಯುತ್ತಿರಲಿಲ್ಲ. ಅಲೆಯ ಗುರುತಾದ ಉಂಗುರ, ವಿದ್ಯುದಾವೇಶ ಹೊತ್ತ ಕಣಗಳಿಂದಲೇ ಮೂಡಿದ್ದು ಎಂಬುದಕ್ಕೆ ಇಷ್ಟು ಅಗ್ಗದ ಪುರಾವೆ ಬೇರೆ ಇಲ್ಲ.

ಲೆಕ್ಕಗಳಲ್ಲಿ ಆಗುವ ತಪ್ಪುಗಳಲ್ಲಿ ಒಂದು ಬಹಳ ಹಠಮಾರಿ. ಬೆಳಕಿನ ಸೂತ್ರವನ್ನು ಎಲೆಕ್ಟ್ರಾನಿಗೆ ಹಚ್ಚುವುದು. 1240ನ್ನು ಎಲೆಕ್ಟ್ರಾನ್ ವೋಲ್ಟಿನಲ್ಲಿರುವ ಶಕ್ತಿಯಿಂದ ಭಾಗಿಸಿದರೆ ನ್ಯಾನೊಮೀಟರಿನಲ್ಲಿ ಸಿಗುವುದು ಫೋಟಾನಿನ, ಅಂದರೆ ಬೆಳಕಿನ ಕಣದ, ತರಂಗದೂರ. 54ಕ್ಕೆ ಅದು 23 ನ್ಯಾನೊಮೀಟರ್, ಎಲೆಕ್ಟ್ರಾನಿನದ್ದಕ್ಕಿಂತ ಸುಮಾರು 140 ಪಟ್ಟು. ಶಕ್ತಿ ಒಂದೇ ಇದ್ದರೂ ಸಂವೇಗ ಒಂದೇ ಅಲ್ಲ, ತರಂಗದೂರ ಸಂವೇಗದ ಮಾತು ಕೇಳುತ್ತದೆ. ಇನ್ನೊಂದು ತಪ್ಪು ಹೆಚ್ಚಿನ ವೋಲ್ಟೇಜಿನದ್ದು. 1.226 ಸೂತ್ರ 5 ಕಿಲೊವೋಲ್ಟ್ ತನಕ ನಿಶ್ಚಿಂತೆ. 100 ಕಿಲೊವೋಲ್ಟ್‌ನಲ್ಲಿ ಅದು 3.88 ಪಿಕೊಮೀಟರ್ ಅನ್ನುತ್ತದೆ, ಸಾಪೇಕ್ಷತೆಯ ತಿದ್ದುಪಡಿಯೊಂದಿಗೆ ಸರಿಯಾದದ್ದು 3.70. ಕೊಣಾಜೆಯಲ್ಲಿ ಮಂಗಳೂರು ವಿಶ್ವವಿದ್ಯಾಲಯ ಸ್ಥಾಪಿಸಿದ ಮೈಕ್ರೊಟ್ರಾನ್ ವೇಗವರ್ಧಕದ ಎಲೆಕ್ಟ್ರಾನುಗಳ ಶಕ್ತಿ 80 ಲಕ್ಷ ಎಲೆಕ್ಟ್ರಾನ್ ವೋಲ್ಟ್. ಅದಕ್ಕೆ ಪಿಯು ಸೂತ್ರ ಹಾಕಿದರೆ 0.433 ಪಿಕೊಮೀಟರ್, ನಿಜವಾದ ಉತ್ತರ 0.146, ಮೂರರಲ್ಲೊಂದು ಭಾಗ. ಈ 0.146 ಕೂಡ ಚಿನ್ನದ ಪರಮಾಣು ಬೀಜದ ವ್ಯಾಸಕ್ಕಿಂತ ಹತ್ತು ಪಟ್ಟು ದೊಡ್ಡದು. ಬೀಜದೊಳಗಿನ ಆವೇಶ ಹೇಗೆ ಹರಡಿದೆ ಎಂದು ನೋಡಲು ರಾಬರ್ಟ್ ಹಾಫ್‌ಸ್ಟ್ಯಾಡ್ಟರ್ 1950ರ ದಶಕದಲ್ಲಿ ಸ್ಟ್ಯಾನ್‌ಫರ್ಡಿನಲ್ಲಿ ಕೋಟಿಗಟ್ಟಲೆ ಎಲೆಕ್ಟ್ರಾನ್ ವೋಲ್ಟಿನ ಯಂತ್ರ ಬಳಸಬೇಕಾಗಿ ಬಂದದ್ದು ಇದಕ್ಕೇ.

ತರಂಗದೂರ ಚಿಕ್ಕದಾದ ಮಾತ್ರಕ್ಕೆ ಚಿಕ್ಕದೆಲ್ಲ ಕಾಣುತ್ತದೆ ಎಂದೂ ಅಲ್ಲ. 200 ಕಿಲೊವೋಲ್ಟ್‌ನ ಎಲೆಕ್ಟ್ರಾನ್ ಮೈಕ್ರೊಸ್ಕೋಪಿನಲ್ಲಿ ತರಂಗದೂರ 2.5 ಪಿಕೊಮೀಟರ್. ಆದರೆ ತಿದ್ದುಪಡಿ ಇಲ್ಲದ ಮಸೂರಗಳ ಯಂತ್ರದಲ್ಲಿ ಬೇರೆಬೇರೆಯಾಗಿ ಕಾಣುವ ಕನಿಷ್ಠ ದೂರ 200 ಪಿಕೊಮೀಟರ್ ಆಸುಪಾಸು. ನಡುವಿನ ಎಂಬತ್ತು ಪಟ್ಟು ಅಂತರ ಕಾಂತೀಯ ಮಸೂರಗಳ ವಕ್ರತೆಯ ದೋಷದ್ದು.

ಇದುವರೆಗೆ ಒಂದೇ ತರಂಗದೂರ ಎಂದು ಮಾತಾಡಿದೆವು. ನಿಜವಾದ ಕಿರಣದಲ್ಲಿ ಅದು ಒಂದೇ ಇರುವುದಿಲ್ಲ. ಒಲೆಯಿಂದ ಹೊರಟ ಫುಲರೀನ್ ಅಣುಗಳ ವೇಗ ಬಹಳ ಹರಡಿಕೊಂಡಿರುತ್ತದೆ. ನಿಧಾನದವು ದೂರದಲ್ಲಿ, ವೇಗದವು ಹತ್ತಿರದಲ್ಲಿ ತಮ್ಮ ತಮ್ಮ ಶಿಖರ ಮಾಡುವುದರಿಂದ ಒಂದೆರಡು ಶಿಖರಗಳಾಚೆ ಎಲ್ಲ ಕಲಸಿಹೋಗುತ್ತದೆ. ವೇಗವನ್ನು ಆಯ್ದು ಕಳಿಸುವ ಏರ್ಪಾಡು ಮಾಡಿದ ಮೇಲೆ ಹೆಚ್ಚು ಶಿಖರಗಳು ಕಂಡವು. ತರಂಗದೂರವನ್ನು ಅದರ ಶೇಕಡಾವಾರು ಹರವಿನಿಂದ ಭಾಗಿಸಿದರೆ ಎಷ್ಟು ದೂರದವರೆಗೆ ಫೇಸ್ ನಂಬಬಹುದು ಎಂಬುದು ಸಿಗುತ್ತದೆ. ವ್ಯತೀಕರಣದ (ಅಲೆಗಳು ಒಂದರ ಮೇಲೊಂದು ಬಿದ್ದು ಕೂಡುವ, ಕಳೆಯುವ ಕ್ರಿಯೆಯ) ಯಾವ ಪ್ರಯೋಗ ಯೋಜಿಸುವಾಗಲೂ ತರಂಗದೂರದಷ್ಟೇ ಮುಖ್ಯವಾದ ಸಂಖ್ಯೆ ಇದು.

ಮಳೆಹನಿಗೆ ತರಂಗದೂರ ಇಲ್ಲವೇ ಎಂಬ ಪ್ರಶ್ನೆ ಬಂದೇ ಬರುತ್ತದೆ. 2 ಮಿಲಿಮೀಟರ್ ವ್ಯಾಸದ ಹನಿ ಸೆಕೆಂಡಿಗೆ 6.5 ಮೀಟರ್ ವೇಗದಲ್ಲಿ ಬೀಳುವಾಗ ಲೆಕ್ಕ 2.4 × 10⁻²⁹ ಮೀಟರ್ ಅನ್ನುತ್ತದೆ. ತೀರಾ ಚಿಕ್ಕದು, ಆದ್ದರಿಂದ ಕಾಣುವುದಿಲ್ಲ ಎಂದು ಮುಗಿಸಿದರೆ ಚುರುಕು ವಿದ್ಯಾರ್ಥಿ ಕೇಳುತ್ತಾನೆ: ಹನಿಯನ್ನು ನಿಧಾನ ಮಾಡಿದರೆ ತರಂಗದೂರ ದೊಡ್ಡದಾಗುವುದಲ್ಲ? ಒಳ್ಳೆಯ ಪ್ರಶ್ನೆ. ತರಂಗದೂರ 1 ಮೈಕ್ರೊಮೀಟರ್ ಆಗಬೇಕಾದರೆ ಹನಿಯ ವೇಗ ಸೆಕೆಂಡಿಗೆ 1.6 × 10⁻²² ಮೀಟರ್ ಇರಬೇಕು. ಆ ವೇಗದಲ್ಲಿ ವಿಶ್ವ ಹುಟ್ಟಿದಾಗ ಹೊರಟಿದ್ದರೂ ಇಂದಿಗೆ 0.07 ಮಿಲಿಮೀಟರ್ ಸಾಗಿರುತ್ತಿತ್ತು. ಅಷ್ಟರಲ್ಲಿ ಒಂದೇ ಒಂದು ಗಾಳಿಯ ಅಣು ತಾಗಿದರೂ, ಹನಿ ತಾನೇ ಸೂಸುವ ಶಾಖದ ಒಂದು ಫೋಟಾನ್ ಹೊರಬಿದ್ದರೂ ಫೇಸಿನ ಲೆಕ್ಕ ಹಾಳು.

ಭಾರದ ಕಣಗಳಲ್ಲಿ ಅಲೆಯ ಗುಣ ಕಾಣಲು ವಿಯೆನ್ನಾದ ತಂಡವೇ 2019ರಲ್ಲಿ ಬೇರೆ ದಾರಿ ಹಿಡಿದು ತೋರಿಸಿತು. ಸುಮಾರು 2000 ಪರಮಾಣುಗಳ, 25,000 ಏಕಮಾನಕ್ಕೂ ಹೆಚ್ಚು ರಾಶಿಯ ಅಣುಗಳು, 266 ನ್ಯಾನೊಮೀಟರ್ ಅಂತರದ ಮೂರು ಗ್ರೇಟಿಂಗುಗಳು, ಮೊದಲಿನದ್ದರಿಂದ ಕೊನೆಯದಕ್ಕೆ 2 ಮೀಟರ್. ತರಂಗದೂರ 0.053 ಪಿಕೊಮೀಟರ್ ತನಕ ಇಳಿದಿತ್ತು. ಸೆಕೆಂಡಿಗೆ ಮುನ್ನೂರು ಮೀಟರ್ ವೇಗದಲ್ಲಿ ಅಣು ಈ 2 ಮೀಟರ್ ದಾಟಲು ಏಳು ಮಿಲಿಸೆಕೆಂಡ್ ಕೂಡ ಬೇಡ. ಅಷ್ಟರೊಳಗೆ ಭೂಮಿಯ ಜೊತೆ ಗ್ರೇಟಿಂಗುಗಳೂ ತಿರುಗಿರುತ್ತವೆ, ವ್ಯತೀಕರಣದಿಂದ ಮೂಡುವ ಪಟ್ಟಿಗಳು ಗ್ರೇಟಿಂಗಿನ ಸುಮಾರು ಒಂದು ಅಂತರದಷ್ಟು ಸರಿಯಲು ಅಷ್ಟೇ ಸಾಕು. ನಿಧಾನದ ಅಣುಗಳಿಗೆ ಈ ಸರಿತ ಹೆಚ್ಚು, ವೇಗದವಕ್ಕೆ ಕಡಿಮೆ. ಹಾಗೇ ಬಿಟ್ಟರೆ ಪಟ್ಟಿಗಳು ಅಳಿಸಿಹೋಗುತ್ತವೆ. ಆದ್ದರಿಂದ ಗ್ರೇಟಿಂಗುಗಳನ್ನು ಲಂಬದಿಂದ ಒಂದು ಚೂರು ಓರೆ ಮಾಡಿ, ಗುರುತ್ವದಿಂದಾಗುವ ಸರಿತವನ್ನು ಭೂಮಿಯ ತಿರುಗುವಿಕೆಯ ಸರಿತಕ್ಕೆ ಎದುರಾಗಿ ನಿಲ್ಲಿಸುತ್ತಾರೆ.